ಸರಳಿಗೂ ಹಲಗೆಗೂ ನಡುವೆ ಮೂರು ಬೆರಳು



ಫಿಲಿಪ್ಪೀನ್ಸ್ ದೇಶದ ಪನಾಯ್ ದ್ವೀಪದಲ್ಲಿ ಇಲೊಯಿಲೊ ಎಂಬ ನಗರವಿದೆ. ಅಲ್ಲಿಂದ ಕಡಲ ದಂಡೆ ಹಿಡಿದು ಪಶ್ಚಿಮಕ್ಕೆ ಹೊರಟರೆ ಓಟನ್, ತಿಗ್ಬಾವನ್, ಗಿಂಬಾಲ್, ಮಿಯಾಗಾವ್ ಎಂಬ ಊರುಗಳು ಒಂದರ ಹಿಂದೆ ಒಂದು ಬರುತ್ತವೆ. ಒಂದು ಪಕ್ಕದಲ್ಲಿ ಸಮುದ್ರ, ಇನ್ನೊಂದು ಪಕ್ಕದಲ್ಲಿ ತೆಂಗು, ಬಾಳೆ, ಭತ್ತದ ಗದ್ದೆ. ಕುಂದಾಪುರದವನಾದ ನನಗೆ ಬೈಂದೂರಿನ ದಾರಿಯಲ್ಲಿ ಹೋಗುತ್ತಿರುವ ಹಾಗೇ ಅನ್ನಿಸಿತು. ಆ ದಂಡೆಯ ಒಂದು ಊರಿನಲ್ಲಿ ನನ್ನ ತಮ್ಮ ಮನೆ ಕಟ್ಟಿಸಿದ. ಮಸ್ಕತ್ತಿನಲ್ಲಿ ಇಪ್ಪತ್ತು ವರ್ಷ ದುಡಿದವನು, ಅಲ್ಲೇ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಇಲೊಯಿಲೊದ ಹೆಣ್ಣುಮಗಳನ್ನು ಮದುವೆಯಾದವನು. ಆ ದೇಶದ 1987ರ ಸಂವಿಧಾನದ ಪ್ರಕಾರ ಹೊರದೇಶದವರು ಅಲ್ಲಿ ಭೂಮಿ ಕೊಳ್ಳುವಂತಿಲ್ಲ. ಹಾಗಾಗಿ ಜಾಗ ಅವಳ ಹೆಸರಿನಲ್ಲಿದೆ, ಮನೆ ಇಬ್ಬರ ದುಡಿಮೆಯದು. ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾಗಿದ್ದ ನನ್ನನ್ನು ಪಾಯ ತೆಗೆಯುವಾಗಿನಿಂದ ಜೊತೆಗಿರಬೇಕೆಂದು ತಮ್ಮ ಕರೆದ. ಎರಡು ಸಲ ಹೋಗಿ ಒಟ್ಟು ಐದು ತಿಂಗಳು ಇದ್ದು ಬಂದೆ.

ಆ ಐದು ತಿಂಗಳಲ್ಲಿ ನಾವು ಅಣ್ಣ ತಮ್ಮ ಅತಿ ಹೆಚ್ಚು ಅಲೆದದ್ದು ಅಂಗೈಯಲ್ಲಿ ಹಿಡಿಸುವ ಒಂದು ವಸ್ತುವಿಗಾಗಿ. ನಮ್ಮಲ್ಲಿ ಅದನ್ನು ಕವರ್ ಬ್ಲಾಕ್ ಎನ್ನುತ್ತಾರೆ. ಕಾಂಕ್ರೀಟು ಹಾಕುವ ಮುಂಚೆ ಕಬ್ಬಿಣದ ಸರಳುಗಳನ್ನು ತಂತಿಯಿಂದ ಬಿಗಿದು ಬಲೆಯಂತೆ ಕಟ್ಟುತ್ತಾರಲ್ಲ, ಆ ಸರಳು ಸೆಂಟ್ರಿಂಗ್ ಹಲಗೆಗೆ ತಾಗದಂತೆ ನಡುವೆ ಇಡುವ ಗಟ್ಟಿ ತುಂಡು ಅದು. ಸಿಮೆಂಟಿನದ್ದಿರಬಹುದು, ಪ್ಲಾಸ್ಟಿಕ್ಕಿನದ್ದಿರಬಹುದು. ಕಾಂಕ್ರೀಟು ಗಟ್ಟಿಯಾದ ಮೇಲೆ ಅದು ಒಳಗೇ ಉಳಿಯುತ್ತದೆ, ಮತ್ತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮನೆಯ ನಕ್ಷೆಯಲ್ಲಿ ಅದರ ಚಿತ್ರವಿರುವುದಿಲ್ಲ, ಖರ್ಚಿನ ಪಟ್ಟಿಯಲ್ಲಿ ಅದಕ್ಕೊಂದು ಸಾಲಿರುವುದಿಲ್ಲ. ಮನೆ ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಮಾತ್ರ ಬಹುಮಟ್ಟಿಗೆ ಅದೇ ತೀರ್ಮಾನಿಸುತ್ತದೆ.

ಈ ಮಾತನ್ನು ನಾನು ಪುಸ್ತಕದಿಂದ ಕಲಿಯುವ ಮೊದಲೇ ನಮ್ಮ ಮನೆಯಿಂದ ಕಲಿತೆ. 1979ರಲ್ಲಿ ನಮ್ಮ ತಂದೆ ಕಡಲಿನಿಂದ ಅರ್ಧ ಮೈಲಿ ದೂರದಲ್ಲಿ ತಾರಸಿ ಮನೆ ಕಟ್ಟಿಸಿದರು. ಆಗ ಊರಿನಲ್ಲಿ ತಾರಸಿ ಮನೆಗಳು ಬೆರಳೆಣಿಕೆಯಷ್ಟು. ಕೆಲಸದವರು ಸರಳುಗಳನ್ನು ಹಲಗೆಯ ಮೇಲೆ ಹಾಗೇ ಮಲಗಿಸಿ, ಕಾಂಕ್ರೀಟು ಸುರಿಯುತ್ತಾ ಕೊಕ್ಕೆಯಿಂದ ಒಂದಿಷ್ಟು ಎತ್ತಿ ಬಿಟ್ಟರು. ಎತ್ತಿದ ಸರಳು ಹಸಿ ಕಾಂಕ್ರೀಟಿನಲ್ಲಿ ಮತ್ತೆ ಕೆಳಗಿಳಿಯುತ್ತದೆ ಎಂದು ಯಾರೂ ಯೋಚಿಸಲಿಲ್ಲ. ಹನ್ನೆರಡನೇ ವರ್ಷಕ್ಕೆ ಸಜ್ಜಾದ ಅಡಿಯಲ್ಲಿ ಕಂದು ಗೆರೆ ಮೂಡಿತು. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಆ ಗೆರೆ ಬಿರುಕಾಯಿತು. ಒಂದು ಮಧ್ಯಾಹ್ನ ಊಟದ ತಟ್ಟೆಯಷ್ಟು ಅಗಲದ ಕಾಂಕ್ರೀಟು ಕಳಚಿ, ಅಮ್ಮ ದಿನಾ ಕೂತು ಅಕ್ಕಿ ಕೇರುತ್ತಿದ್ದ ಜಾಗಕ್ಕೇ ಬಿತ್ತು. ಅಮ್ಮ ಆಗಷ್ಟೇ ಒಳಗೆ ಹೋಗಿದ್ದರು. ಮೇಲೆ ನೋಡಿದರೆ ತುಕ್ಕು ಹಿಡಿದ ಸರಳುಗಳು ಪಕ್ಕೆಲುಬಿನಂತೆ ಕಾಣುತ್ತಿದ್ದವು. ಅವತ್ತಿನಿಂದ ನಾನು ಯಾವ ಕಟ್ಟಡಕ್ಕೆ ಹೋದರೂ ಮೊದಲು ಸಜ್ಜಾದ ಅಡಿಯನ್ನು ನೋಡುತ್ತೇನೆ.

ಹೀಗೇಕಾಗುತ್ತದೆ? ಸಿಮೆಂಟು ನೀರು ಕುಡಿದು ಗಟ್ಟಿಯಾದಾಗ ಅದರೊಳಗೆ ತೀವ್ರ ಕ್ಷಾರ ಹುಟ್ಟುತ್ತದೆ, ಪಿಎಚ್ 12.5ರಿಂದ 13ರಷ್ಟು. ಆ ಕ್ಷಾರದಲ್ಲಿ ಸರಳಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪೊರೆ ಕಟ್ಟಿಕೊಳ್ಳುತ್ತದೆ. ಪೊರೆ ಇರುವವರೆಗೆ ಕಬ್ಬಿಣಕ್ಕೆ ತುಕ್ಕಿನ ಭಯವಿಲ್ಲ. ಅದನ್ನು ಕೆಡಿಸುವ ಶತ್ರುಗಳು ಎರಡು. ಗಾಳಿಯ ಇಂಗಾಲದ ಡೈಆಕ್ಸೈಡ್ ಕಾಂಕ್ರೀಟಿನ ರಂಧ್ರಗಳ ಮೂಲಕ ಒಳಗಿಳಿದು ಕ್ಷಾರವನ್ನು ಕುಗ್ಗಿಸುತ್ತಾ ಬರುತ್ತದೆ, ಪಿಎಚ್ 9ರ ಆಸುಪಾಸಿಗೆ ಇಳಿದರೆ ಪೊರೆ ಉಳಿಯುವುದಿಲ್ಲ. ಕಡಲ ಗಾಳಿಯ ಉಪ್ಪಿನಲ್ಲಿರುವ ಕ್ಲೋರೈಡ್ ಇನ್ನೂ ಕ್ರೂರ. ಕ್ಷಾರವಿದ್ದರೂ ಅದು ಪೊರೆಯನ್ನು ಚುಚ್ಚಿ ತೂತು ಮಾಡುತ್ತದೆ. ತುಕ್ಕು ಶುರುವಾದ ಮೇಲೆ ಕಬ್ಬಿಣ ಮೊದಲು ಹಿಡಿಯುತ್ತಿದ್ದ ಜಾಗದ 2ರಿಂದ 6 ಪಟ್ಟು ಜಾಗ ಕೇಳುತ್ತದೆ. ಸುತ್ತಲಿನ ಕಾಂಕ್ರೀಟು ಆ ಒತ್ತಡ ತಾಳದೆ ಸಿಡಿಯುತ್ತದೆ.

ಇನ್ನೊಂದು ಲೆಕ್ಕವನ್ನು ದಯವಿಟ್ಟು ಗಮನವಿಟ್ಟು ಕೇಳಿ. ಈ ಶತ್ರುಗಳು ಒಳಗಿಳಿಯುವ ಆಳ ಇಮ್ಮಡಿಯಾಗಲು ಕಾಲ ನಾಲ್ಮಡಿ ಬೇಕು. ಸರಳಿನ ಹೊರಗಿನ 50 ಮಿಲಿಮೀಟರ್ ಹೊದಿಕೆಯನ್ನು ದಾಟಲು 60 ವರ್ಷ ಹಿಡಿಯುವ ಕಾಂಕ್ರೀಟಿನಲ್ಲಿ 25 ಮಿಲಿಮೀಟರ್ ದಾಟಲು 30 ವರ್ಷ ಬೇಕೆಂದು ಯಾರೂ ಅಂದುಕೊಳ್ಳಬಾರದು. 15 ವರ್ಷ ಸಾಕು. ಕೆಲಸದವರ ಅವಸರದಲ್ಲಿ ಸರಳು ಒಂದಂಗುಲ ಹಲಗೆಯ ಕಡೆ ಸರಿದರೆ ಮನೆಯ ಆಯುಷ್ಯದ ಮುಕ್ಕಾಲು ಪಾಲು ಹೋಯಿತು. ನಮ್ಮ ತಂದೆಯ ಮನೆಯಲ್ಲಿ ಆದದ್ದು ಇದೇ.

ಫಿಲಿಪ್ಪೀನ್ಸಿನ ಕಟ್ಟಡ ಸಂಹಿತೆ ಅಮೆರಿಕದ ಕಾಂಕ್ರೀಟ್ ಸಂಹಿತೆಯ ದಾರಿಯಲ್ಲಿ ನಡೆಯುತ್ತದೆ. ನೇರವಾಗಿ ಮಣ್ಣಿನ ಮೇಲೆ ಹೊಯ್ಯುವ ಫುಟಿಂಗಿಗೆ 75 ಮಿಲಿಮೀಟರ್ ಹೊದಿಕೆ, ಮಳೆ ಗಾಳಿಗೆ ತೆರೆದ ಭಾಗಗಳಲ್ಲಿ 16 ಮಿಲಿಮೀಟರ್ ತನಕದ ಸರಳಿಗೆ 40, ಅದಕ್ಕಿಂತ ದಪ್ಪದ್ದಕ್ಕೆ 50, ಮನೆಯೊಳಗಿನ ಸ್ಲ್ಯಾಬಿಗೆ 20. ನಮ್ಮ ದೇಶದ ಕಾಂಕ್ರೀಟ್ ಸಂಹಿತೆ ಐಎಸ್ 456 ಕಡಲ ದಂಡೆಯ ವಾತಾವರಣವನ್ನು ತೀವ್ರ ಎಂದು ವಿಂಗಡಿಸಿ 45 ಮಿಲಿಮೀಟರ್ ಕೇಳುತ್ತದೆ. ನಕ್ಷೆಗೆ ಸಹಿ ಹಾಕಿದ ಅಲ್ಲಿನ ಎಂಜಿನಿಯರ್ ಹೆಣ್ಣುಮಗಳೊಡನೆ ಕೂತು ಮಾತನಾಡಿ ಫುಟಿಂಗಿಗೆ 75, ಕಂಬಕ್ಕೂ ಬೀಮಿಗೂ 50, ಜಗಲಿಯ ಮೇಲಿನ ಸ್ಲ್ಯಾಬಿಗೆ 40 ಎಂದು ನಿಗದಿ ಮಾಡಿದೆವು. ಉಳಿದ ಮಾಡಿಗೆ ಉಕ್ಕಿನ ಚೌಕಟ್ಟಿನ ಮೇಲೆ ತಗಡು. ಐವತ್ತು ಮಿಲಿಮೀಟರ್ ಅಂದರೆ ನನ್ನ ಮೂರು ಬೆರಳು ಸೇರಿಸಿದಷ್ಟು ಅಗಲ. ಈ ಅಳತೆಯನ್ನು ಎಲ್ಲಕ್ಕಿಂತ ಹೊರಗಿನ ಕಬ್ಬಿಣದಿಂದ, ಅಂದರೆ ಉದ್ದ ಸರಳುಗಳನ್ನು ಸುತ್ತುವ ರಿಂಗಿನ ಹೊರಮೈಯಿಂದ ತೆಗೆದುಕೊಳ್ಳಬೇಕು. ಇಲ್ಲಿಯೂ ಅಲ್ಲಿಯೂ ಕೆಲಸದವರು ಒಳಗಿನ ದಪ್ಪ ಸರಳಿನಿಂದ ಅಳೆದು ರಿಂಗಿನ ದಪ್ಪವನ್ನು ಮರೆಯುತ್ತಾರೆ.

ರಿಂಗಿನ ಮಾತು ಬಂದದ್ದರಿಂದ ಹೇಳುತ್ತೇನೆ. ಆ ದೇಶ ಭೂಕಂಪದ್ದು, ಚಂಡಮಾರುತದ್ದು. 2013ರ ಅಕ್ಟೋಬರ್ 15ರಂದು ಬೊಹೋಲ್ ದ್ವೀಪದಲ್ಲಿ 7.2 ತೀವ್ರತೆಯ ಭೂಕಂಪವಾಯಿತು. ಮೂರೂವರೆ ವಾರ ಕಳೆದು ನವೆಂಬರ್ 8ರಂದು ಹೈಯಾನ್ ಚಂಡಮಾರುತ ಬಂತು, ಅಲ್ಲಿನವರು ಅದನ್ನು ಯೊಲಾಂಡ ಎನ್ನುತ್ತಾರೆ. ಅದು ಪನಾಯ್ ದ್ವೀಪದ ಉತ್ತರ ಭಾಗವನ್ನೂ ಹಾದುಹೋಯಿತು. ಭೂಮಿ ನಡುಗಿದಾಗ ಕಂಬದ ಉದ್ದ ಸರಳುಗಳು ಹೊರಕ್ಕೆ ಬಾಗದಂತೆ ತಡೆಯುವುದು ರಿಂಗು. ತುಕ್ಕು ಮೊದಲು ಮುಟ್ಟುವುದೂ ರಿಂಗನ್ನೇ, ಏಕೆಂದರೆ ಎಲ್ಲಕ್ಕಿಂತ ಹೊರಗಿರುವುದು ಅದು, ತೆಳ್ಳಗಿರುವುದೂ ಅದು. ಇಪ್ಪತ್ತು ವರ್ಷ ಗಟ್ಟಿಯಾಗಿ ನಿಂತಂತೆ ಕಂಡ ಕಂಬ ಒಂದು ನಡುಕದಲ್ಲಿ ಕುಸಿಯುವುದಕ್ಕೆ ಇದೂ ಒಂದು ಕಾರಣ.

ಇನ್ನು ನಮ್ಮ ಹುಡುಕಾಟ. ಅಲ್ಲಿನ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿಗಳಿಗೆ ಬರವಿಲ್ಲ. ಸರಳಿಗೆ ಅವರು ಕಬಿಲ್ಯ ಎನ್ನುತ್ತಾರೆ, ಕಟ್ಟುವ ತಂತಿಗೆ ಅಲಾಂಬ್ರೆ. ಎರಡೂ ಸ್ಪ್ಯಾನಿಷರ ಕಾಲದಿಂದ ಬಂದ ಮಾತುಗಳು. ಸರಳು 6 ಮೀಟರ್ ಉದ್ದದಲ್ಲಿ ಸಿಗುತ್ತದೆ. ಸಿಮೆಂಟಿನ ಚೀಲ ನಮ್ಮ ಹಾಗೆ 50 ಕಿಲೋದ್ದಲ್ಲ, 40 ಕಿಲೋದ್ದು. ಚೀಲದ ಲೆಕ್ಕದಲ್ಲಿ ಕಾಂಕ್ರೀಟು ಕಲಸಿ ಅಭ್ಯಾಸವಿರುವ ನಮ್ಮವರು ಅಲ್ಲಿ ಹೋದರೆ ಇದನ್ನು ನೆನಪಿಡಬೇಕು. ಮೊದಲ ಅಂಗಡಿಯಲ್ಲಿ ತಮ್ಮ ಇಂಗ್ಲಿಷಿನಲ್ಲಿ ಸ್ಪೇಸರ್ ಬೇಕು ಎಂದ. ಹುಡುಗಿ ಒಳಗೆ ಹೋಗಿ ಕೂಡಿಸು ಚಿಹ್ನೆಯ ಆಕಾರದ ಪುಟ್ಟ ಪ್ಲಾಸ್ಟಿಕ್ ತುಂಡುಗಳ ಪೊಟ್ಟಣ ತಂದಿಟ್ಟಳು. ಅದು ನೆಲಕ್ಕೆ ಟೈಲ್ಸ್ ಹಾಸುವಾಗ ನಡುವೆ ಇಡುವಂಥದ್ದು. ಎರಡನೆಯ ಅಂಗಡಿಯಲ್ಲೂ ಅದೇ ಪೊಟ್ಟಣ. ಮೂರನೆಯ ಅಂಗಡಿಗೆ ಹೋಗುವಾಗ ತಮ್ಮ, "ಅಣ್ಣ, ಹೆಸ್ರ್ ಹೇಳಿ ಪ್ರಯೋಜ್ನ ಇಲ್ಲ, ಚಿತ್ರ ಬರ್ದ್ ತೋರ್ಸುವ" ಎಂದ. ಬಿಲ್ಲಿನ ಹಾಳೆಯ ಹಿಂದೆ ಹಲಗೆ, ಸರಳು, ನಡುವಿನ ತುಂಡು ಬರೆದು ತೋರಿಸಿದೆವು. ಅಂಗಡಿಯವರಿಗೆ ಒಡನೆ ಅರ್ಥವಾಯಿತು. "ವಲಾ" ಎಂದರು. ಇಲ್ಲ ಎನ್ನುವುದಕ್ಕೆ ಅಲ್ಲಿನ ಮಾತು ಅದು. ಬೇರೆ ದೇಶದಲ್ಲಿ ಸಾಮಾನು ಹುಡುಕುವವರಿಗೆ ಹೆಸರಿಗಿಂತ ಚಿತ್ರ ಹೆಚ್ಚು ನೆರವಾಗುತ್ತದೆ. ಇಲ್ಲ ಎಂಬ ಉತ್ತರವನ್ನಾದರೂ ನಂಬುವ ಹಾಗಾಗುತ್ತದೆ.

ಇಲೊಯಿಲೊ ನಗರದ ಒಂದು ದೊಡ್ಡ ಮಳಿಗೆಯಲ್ಲಿ ಕೊನೆಗೂ ಚಕ್ರದ ಆಕಾರದ ಪ್ಲಾಸ್ಟಿಕ್ ಕವರ್ ಬ್ಲಾಕುಗಳು ಕಂಡವು. ನಡುವಿನ ತೂತಿಗೆ ಸರಳನ್ನು ಒತ್ತಿ ಕೂರಿಸುವಂಥವು, ಕಂಬಕ್ಕೆ ಒಳ್ಳೆಯವು. ಆದರೆ ಇದ್ದದ್ದು ಒಂದೇ ಅಳತೆ, 25 ಮಿಲಿಮೀಟರ್. ದಿನವಿಡೀ ಬಿಸಿಲಿನಲ್ಲಿ ಅಲೆದಿದ್ದ ತಮ್ಮ, ಸಿಕ್ಕಿದ್ದನ್ನು ತೆಗೆದುಕೊಂಡು ಹೋಗೋಣ ಎಂದ. ನಾನು ಒಪ್ಪಲಿಲ್ಲ. ಅಂಗಡಿಯಲ್ಲಿ ಇರುವುದು 25 ಎಂಬ ಕಾರಣಕ್ಕೆ ಕಡಲ ಗಾಳಿ ತನ್ನ ಕೆಲಸವನ್ನು ನಿಧಾನ ಮಾಡುವುದಿಲ್ಲ. ಅಳತೆ ತಪ್ಪಿದ ಕವರ್ ಬ್ಲಾಕ್ ಇಲ್ಲದ್ದಕ್ಕಿಂತ ಹೆಚ್ಚು ಮೋಸ ಮಾಡುತ್ತದೆ. ಇಟ್ಟಿದ್ದೇವೆ ಎಂಬ ಧೈರ್ಯದಲ್ಲಿ ಮತ್ತೆ ಯಾರೂ ಅಳೆಯಲು ಹೋಗುವುದಿಲ್ಲ.

ಆ ರಾತ್ರಿ ತಮ್ಮನ ಹೆಂಡತಿ ಒಂದು ದಾರಿ ಹೇಳಿದಳು. ಅವಳು ನನ್ನನ್ನು ಕುಂದಾಪುರದ ರೀತಿಯಲ್ಲೇ ಭಾವ ಎಂದು ಕರೆಯುತ್ತಾಳೆ, ತಮ್ಮ ಕಲಿಸಿದ್ದು. "ಭಾವ, ಮಸ್ಕತ್ತಿನಲ್ಲಿರುವ ನನ್ನ ಗೆಳತಿಯರು ಪೆಟ್ಟಿಗೆ ಕಳಿಸುವಾಗ ಅದರಲ್ಲಿ ಹಾಕಿಸಲೇ?" ಎಂದು ಕೇಳಿದಳು. ಹೊರದೇಶದಲ್ಲಿ ದುಡಿಯುವ ಫಿಲಿಪ್ಪೀನ್ಸಿನವರು ಮನೆಗೆ ಹಡಗಿನಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆ ಕಳಿಸುತ್ತಾರೆ, ಬಾಲಿಕ್‌ಬಾಯನ್ ಪೆಟ್ಟಿಗೆ ಎಂದು ಅದರ ಹೆಸರು. ಸೋಪು, ಚಾಕಲೇಟು, ಮಕ್ಕಳ ಬೂಟು ಎಲ್ಲ ಅದರಲ್ಲಿ ಬರುತ್ತದೆ. ನಮ್ಮ ಕೊಲ್ಲಿ ಮಿತ್ರರು ಊರಿಗೆ ತರುವ ಸೂಟ್‌ಕೇಸಿನಷ್ಟೇ ಪ್ರೀತಿಯ ವಸ್ತು ಅದು. ಆದರೆ ಆ ಪೆಟ್ಟಿಗೆಗಿರುವ ತೆರಿಗೆ ರಿಯಾಯಿತಿ ಮನೆಬಳಕೆಯ ಸಾಮಾನಿಗೆ, ವ್ಯಾಪಾರದ ಪ್ರಮಾಣಕ್ಕಲ್ಲ. ಒಂದೇ ಬಗೆಯ ನೂರಾರು ತುಂಡುಗಳನ್ನು ಅದರಲ್ಲಿ ತುಂಬಿ, ಅವಳ ಗೆಳತಿಯರನ್ನು ಸುಂಕದವರ ಪ್ರಶ್ನೆಗೆ ಗುರಿ ಮಾಡುವುದು ನನಗೆ ಸರಿ ಕಾಣಲಿಲ್ಲ.

ಬೆಂಗಳೂರಿನಿಂದ ಕೊರಿಯರಿನಲ್ಲಿ ತರಿಸುವ ಲೆಕ್ಕವನ್ನೂ ಮಾಡಿದೆವು. ಕೊರಿಯರಿನವರು ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದ ಅಂಕಿ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಬಾಡಿಗೆ ಅದಕ್ಕೆ. ಪ್ಲಾಸ್ಟಿಕ್ ಚಕ್ರದ ಬಹುಪಾಲು ಬರೀ ಟೊಳ್ಳು. ದುಡ್ಡು ಕೊಟ್ಟು ಗಾಳಿಯನ್ನು ಸಮುದ್ರ ದಾಟಿಸಿದ ಹಾಗಾಗುತ್ತದೆ. ಸಿಮೆಂಟಿನದ್ದಾದರೋ, ನಮಗೆ ಬೇಕಾದ ಒಟ್ಟು ಬ್ಲಾಕುಗಳ ತೂಕ ಕಾಲು ಟನ್ ಆಗುತ್ತಿತ್ತು. ಅದನ್ನು ಹೊತ್ತು ತರುವ ಮಾತೇ ಇಲ್ಲ.

ಕಾಲು ಟನ್ ಹೇಗೆ ಬಂತು ಎಂದು ಹೇಳುತ್ತೇನೆ. ಮನೆ ಕಟ್ಟುವವರಿಗೆ ಈ ಲೆಕ್ಕ ಉಪಯೋಗಕ್ಕೆ ಬರಬಹುದು. ಬ್ರಿಟಿಷ್ ಮಾನದಂಡದ ಪ್ರಕಾರ ಒಂದು ಕವರ್ ಬ್ಲಾಕಿನಿಂದ ಇನ್ನೊಂದಕ್ಕೆ ಇರುವ ದೂರ ಸರಳಿನ ವ್ಯಾಸದ 50 ಪಟ್ಟು ಮೀರಬಾರದು, ಒಂದು ಮೀಟರನ್ನಂತೂ ದಾಟಲೇಬಾರದು. 10 ಮಿಲಿಮೀಟರ್ ಸರಳಿಗೆ ಅರ್ಧ ಮೀಟರ್ ಆಯಿತು. ನಮ್ಮದು ಹನ್ನೆರಡು ಕಂಬದ ಮನೆ. ಫುಟಿಂಗಿಗೆ ಐದೈದರಂತೆ 60 ಬ್ಲಾಕು. ಕಂಬ ಮತ್ತು ಸುಮಾರು ನೂರು ಮೀಟರ್ ಬೀಮಿಗೆ 550. ಸ್ಲ್ಯಾಬಿಗೆ 200. ಒಟ್ಟು 810. ಇಷ್ಟನ್ನೂ ಹೊಯ್ಯಲು ಬೇಕಾಗುವ ಗಾರೆ 114 ಲೀಟರ್, ಅದರ ತೂಕವೇ ಆ ಕಾಲು ಟನ್. ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳಿನಂತೆ ಕಲಸಿದರೆ ಬೇಕಾಗುವ ಸಿಮೆಂಟು ಸುಮಾರು 71 ಕಿಲೋ. ಅಲ್ಲಿನ ಎರಡು ಚೀಲಕ್ಕಿಂತ ಕಡಿಮೆ. ಹತ್ತು ದಿನ ಅಂಗಡಿ ಅಂಗಡಿ ಸುತ್ತಿ ನಾವು ಹುಡುಕುತ್ತಿದ್ದ ವಸ್ತು ಕೊನೆಗೆ ಎರಡು ಚೀಲ ಸಿಮೆಂಟು, ಒಂದು ಕೈಗಾಡಿ ಮರಳಿನಲ್ಲೇ ಇತ್ತು.

ಬ್ರಿಟಿಷ್ ಸಂಹಿತೆಯಲ್ಲಿ ಕೆಲಸದ ಜಾಗದಲ್ಲೇ ಮಾಡಿದ ಸಿಮೆಂಟ್ ಬ್ಲಾಕುಗಳನ್ನು ಬಳಸಬಾರದು ಎಂಬ ಮಾತೂ ಇತ್ತು. ಅದನ್ನು ನಾನು ತಮ್ಮನಿಂದ ಮುಚ್ಚಿಡಲಿಲ್ಲ. ಆ ನಿಷೇಧಕ್ಕೆ ಅರ್ಥವಿದೆ. ಕೆಲಸದವರು ಉಳಿದ ಗಾರೆಯಲ್ಲಿ ಬ್ಲಾಕು ತಟ್ಟಿ, ನೆಟ್ಟಗೆ ಒಂದು ದಿನವೂ ನೀರುಣಿಸದೆ ಬಳಸಿಬಿಡುತ್ತಾರೆ. ಅಂಥ ಬ್ಲಾಕು ಸ್ಪಂಜಿನಂತೆ ನೀರು ಹೀರಿ ಉಪ್ಪನ್ನು ನೇರ ಸರಳಿನ ಬಳಿಗೇ ಒಯ್ಯುತ್ತದೆ. ಒಳ್ಳೆಯ ಕಾರ್ಖಾನೆಯ ಬ್ಲಾಕು ಸಿಗುವ ಕಡೆ ಅದನ್ನೇ ಕೊಳ್ಳಬೇಕೆಂದು ಇವತ್ತಿಗೂ ಹೇಳುತ್ತೇನೆ. ಅಲ್ಲಿ ನಮ್ಮ ಮುಂದಿದ್ದ ಆಯ್ಕೆ ಬೇರೆ. ಕೈಯಲ್ಲಿ ಮಾಡಿದ್ದು, ಇಲ್ಲವಾದರೆ ಒಡೆದ ಕಲ್ಲಿನ ಚೂರು. ಹಾಗಿದ್ದ ಮೇಲೆ ಕೈಯಲ್ಲಿ ಮಾಡುವುದನ್ನು ಕಾರ್ಖಾನೆಯಷ್ಟೇ ಶಿಸ್ತಿನಿಂದ ಮಾಡಬೇಕು.

ಕೆಲಸದ ಮೇಸ್ತ್ರಿ ಐವತ್ತು ದಾಟಿದವರು, ಸೌಮ್ಯ ಸ್ವಭಾವದವರು. "ಸರ್, ನಾವು ಹಾಲೋ ಬ್ಲಾಕಿನ ಚೂರು ಇಡುತ್ತೇವೆ, ಇಲ್ಲವಾದರೆ ಹೊಳೆಯ ಕಲ್ಲು" ಎಂದರು. ಅಲ್ಲಿ ಗೋಡೆಯನ್ನೆಲ್ಲ ಟೊಳ್ಳಾದ ಸಿಮೆಂಟ್ ಬ್ಲಾಕಿನಲ್ಲಿ ಕಟ್ಟುತ್ತಾರೆ, ಅದರ ಚೂರಿಗೆ ಎಲ್ಲೂ ಕೊರತೆಯಿಲ್ಲ. ನಾನು ಮಾತಿನಲ್ಲಿ ಏನೂ ಹೇಳಲಿಲ್ಲ. ಒಂದು ಚೂರು ಎತ್ತಿ ನೀರಿನ ಬಕೆಟಿಗೆ ಹಾಕಿದೆ. ಗುಳುಗುಳು ಎಂದು ಗುಳ್ಳೆಗಳು ಏಳತೊಡಗಿದವು, ಒಂದು ನಿಮಿಷವಾದರೂ ನಿಲ್ಲಲಿಲ್ಲ. ಅವರು ಬಕೆಟನ್ನೇ ನೋಡುತ್ತಾ ನಿಂತರು. ಹೊಳೆಯ ಕಲ್ಲು ನೀರು ಹೀರುವುದಿಲ್ಲ ನಿಜ, ಆದರೆ ನುಣ್ಣಗೆ ಉರುಳುತ್ತದೆ, ಒಂದರ ಎತ್ತರ ಇನ್ನೊಂದಕ್ಕಿಲ್ಲ. ಕೆಲವರು ಸರಳಿನ ತುಂಡನ್ನೇ ಕತ್ತರಿಸಿ ಇಡುತ್ತಾರೆ. ಎಲ್ಲಕ್ಕಿಂತ ಕೆಟ್ಟದ್ದು ಅದು, ಹಲಗೆಯ ಕಡೆಯ ತುದಿಯಲ್ಲಿ ತುಕ್ಕು ಹಿಡಿದು ಒಳಗಿನವರೆಗೆ ದಾರಿ ಮಾಡಿಕೊಡುತ್ತದೆ. ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಮೇಸ್ತ್ರಿ ತೆಂಗಿನ ಮರದ ರೀಪು ಕೊಯ್ದು ಅಚ್ಚು ಸಿದ್ಧ ಮಾಡಿಟ್ಟಿದ್ದರು. ಆ ನಾಡಿನಲ್ಲಿ ತೆಂಗಿನ ಮರದ ಹಲಗೆಯನ್ನು ಸೆಂಟ್ರಿಂಗಿಗೆ ಧಾರಾಳವಾಗಿ ಬಳಸುತ್ತಾರೆ.

ಅಚ್ಚು ಎಂದರೆ ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಒಂದು ಚೌಕಟ್ಟು, ಆಳ ಸರಿಯಾಗಿ 50 ಮಿಲಿಮೀಟರ್. ತಳಕ್ಕೆ ಪ್ಲೈವುಡ್, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಅಚ್ಚಿಗೆ ಎಣ್ಣೆ ಬಳಿಯಬೇಡಿ ಎಂದಿದ್ದೆ. ಎಣ್ಣೆ ಹಿಡಿದ ಬ್ಲಾಕು ಸುತ್ತಲಿನ ಕಾಂಕ್ರೀಟಿನೊಡನೆ ಬೆಸೆಯುವುದಿಲ್ಲ. ದಂಡೆಯ ಮರಳನ್ನು ಮುಟ್ಟದೆ ನದಿಯ ಮರಳನ್ನು ತರಿಸಿ ಎರಡು ಸಲ ತೊಳೆದೆವು. ಬಾವಿಯ ನೀರು ಸ್ವಲ್ಪ ಉಪ್ಪಾಗಿತ್ತು, ಅದಕ್ಕೇ ಬ್ಲಾಕಿನ ಮಟ್ಟಿಗೆ ಕುಡಿಯುವ ನೀರಿನ ಕ್ಯಾನು ತರಿಸಿದೆವು. ನೀರನ್ನು ಅಳೆದೇ ಹಾಕಬೇಕೆಂಬುದು ನನ್ನ ಹಟವಾಗಿತ್ತು. ಕಿಲೋ ಸಿಮೆಂಟಿಗೆ 400 ಮಿಲಿಲೀಟರ್, ಪೂರಾ ಚೀಲಕ್ಕೆ 16 ಲೀಟರ್. ಗಾರೆ ಬಿರುಸಾಗಿರುತ್ತದೆ, ಕೈ ನೋಯುತ್ತದೆ, ಚೆನ್ನಾಗಿ ಕುಟ್ಟಿ ಕೂರಿಸಬೇಕಾಗುತ್ತದೆ. ಮೇಲ್ಮೈ ಮಟ್ಟ ಮಾಡಿ ಮೂರ್ನಾಲ್ಕು ಗಂಟೆ ಬಿಟ್ಟು ಕರಣೆಯಿಂದ ಬರ್ಫಿ ಕೊಯ್ದ ಹಾಗೆ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದರೆ ನೂರು ಬ್ಲಾಕು. ಆರು ಸಲ ಹೊಯ್ದರೆ ಕಂಬಕ್ಕೂ ಬೀಮಿಗೂ ಸಾಕಾಯಿತು. ಫುಟಿಂಗಿನದಕ್ಕೂ ಸ್ಲ್ಯಾಬಿನದಕ್ಕೂ ಬೇರೆ ಅಚ್ಚು. ಕಟ್ಟಲು ಬೇಕಾದ ಸತುವು ಲೇಪಿಸಿದ ತಂತಿಯನ್ನು ಹಸಿಯಿದ್ದಾಗಲೇ ಒಳಗಿನ ಮುಖಕ್ಕೆ ನೆಟ್ಟೆವು, ತುದಿ ಹೊರಮೈಯ ಕಡೆ ಚಾಚದಂತೆ. ನಾನು ಯೋಚಿಸದ ಒಂದನ್ನು ಮೇಸ್ತ್ರಿ ಸೇರಿಸಿದರು. ಮೇಲಿನ ಮುಖದಲ್ಲಿ ಸರಳಿನ ತುಂಡನ್ನು ಮೆಲ್ಲಗೆ ಒತ್ತಿ ತೆಗೆದು ಒಂದು ಸಣ್ಣ ತೋಡು ಮಾಡಿದರು, ಕಟ್ಟುವಾಗ ಸರಳು ಅದರಲ್ಲಿ ಜಾರದೆ ಕೂರಲೆಂದು. ತೋಡಿನ ಆಳದಷ್ಟು ಅಚ್ಚನ್ನು ಎತ್ತರಿಸಿಯೂ ಇದ್ದರು. ಮೂವತ್ತೊಂದು ವರ್ಷ ಸೈಟಿನಲ್ಲಿ ನಿಂತ ನನಗೆ ಅದು ಹೊಸ ಪಾಠ.

ಮರುದಿನ ಅಚ್ಚು ಬಿಚ್ಚಿ ಎಲ್ಲವನ್ನೂ ನೀರಿನ ತೊಟ್ಟಿಗೆ ಇಳಿಸಿದೆವು. ನಿಮಗೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಈ ಹಂತದ ಬಗ್ಗೆ. ಮನೆಯ ಪರವಾನಗಿಗೆ ಅರ್ಜಿ ಕೊಟ್ಟ ವಾರವೇ ಬ್ಲಾಕು ಹೊಯ್ಯಲು ಶುರುಮಾಡಿದ್ದರಿಂದ ಪುರಸಭೆಯ ಕಾಗದ ಬರುವ ಹೊತ್ತಿಗೆ ಅವು 28 ದಿನ ನೀರಿನಲ್ಲಿ ನೆನೆದು ಕಲ್ಲಾಗಿದ್ದವು. ಸರಳು ಕಟ್ಟಿ ಮುಗಿದ ದಿನ ಕವರ್ ಬ್ಲಾಕು ಎಲ್ಲಿ ಎಂದು ಹುಡುಕಿದರೆ ಕೈಗೆ ಸಿಗುವುದು ಹಾಲೋ ಬ್ಲಾಕಿನ ಚೂರೇ. ಕಾಗದಕ್ಕಾಗಿ ಕಾಯುವ ಆ ಒಂದು ತಿಂಗಳಿಗೆ ಬೇರೇನೂ ಬೆಲೆ ಕೊಡಬೇಕಾಗಿರಲಿಲ್ಲ. ತೊಟ್ಟಿಯಿಂದ ತೆಗೆದ ಬ್ಲಾಕನ್ನು ಒಣಗಿಸಿ ಮೇಲೊಂದು ಹನಿ ನೀರು ಬಿಟ್ಟು ನೋಡಿದೆವು. ಹನಿ ಮಣಿಯಂತೆ ನಿಂತಿತು. ಸೊಂಟದ ಎತ್ತರದಿಂದ ಕಲ್ಲಿನ ಮೇಲೆ ಬಿಟ್ಟೆವು. ಒಂದೊಂದು ಮೂಲೆ ಮುಕ್ಕಾಯಿತೇ ಹೊರತು ಒಡೆಯಲಿಲ್ಲ.

ಫುಟಿಂಗಿನ ಗುಂಡಿಗೆ ಬೆಡ್ ಕಾಂಕ್ರೀಟು ಹಾಕಿದ ಬೆಳಿಗ್ಗೆ ತಮ್ಮನ ಅತ್ತೆ ಬಂದು ಮೂಲೆಯ ಗುಂಡಿಗೆ ನಾಣ್ಯಗಳನ್ನು ಹಾಕಿ ಶಿಲುಬೆಯ ಗುರುತು ಮಾಡಿದರು. ನಮ್ಮಲ್ಲೂ ಪಾಯಕ್ಕೆ ನಾಣ್ಯ ಹಾಕುತ್ತೇವೆ ಎಂದು ತಮ್ಮ ಹೇಳಿದಾಗ, ನೀವೂ ಒಂದು ಹಾಕಿ ಎಂದು ನನ್ನ ಕೈಗೂ ಒಂದು ಪೆಸೊ ಕೊಟ್ಟರು. ಆಮೇಲೆ 75ರ ಬ್ಲಾಕುಗಳು ಇಳಿದವು, ಅವುಗಳ ಮೇಲೆ ಸರಳಿನ ಜಾಲರಿ.

ಸ್ಲ್ಯಾಬಿನ ವಿಷಯದಲ್ಲಿ ಇನ್ನೊಂದು ಮಾತಿದೆ. ಗೋಡೆಯಿಂದ ಆಚೆ ಚಾಚಿಕೊಂಡಿರುವ ಭಾಗದಲ್ಲಿ ಮುಖ್ಯ ಸರಳು ಮೇಲೆ ಇರಬೇಕು, ಎಳೆತ ಬೀಳುವುದು ಅಲ್ಲಿ. ಕಾಂಕ್ರೀಟಿನ ಬಾಂಡ್ಲಿ ಹೊತ್ತವರು ಅದನ್ನು ತುಳಿದುಕೊಂಡೇ ಓಡಾಡುತ್ತಾರೆ, ಸರಳು ಕೆಳಕ್ಕೆ ಕೂರುತ್ತದೆ. ನಮ್ಮ ಸ್ಲ್ಯಾಬಿನ ದಪ್ಪ 125 ಮಿಲಿಮೀಟರ್. ಮೇಲೆ 40 ಹೊದಿಕೆ ಬಿಟ್ಟರೆ ಸರಳಿನ ನಡುಮಧ್ಯದಿಂದ ತಳಕ್ಕೆ 80 ಉಳಿಯುತ್ತದೆ. ತುಳಿತಕ್ಕೆ 25 ಕುಸಿದರೆ 55. ಕಣ್ಣೆದುರೇ ಚಾಚಿನ ಬಲದ ಮೂರರಲ್ಲಿ ಒಂದು ಪಾಲು ಹೋಯಿತು. ಅದಕ್ಕಾಗಿ ಸರಳನ್ನೇ ಬಾಗಿಸಿ ಕುರ್ಚಿಯಂಥ ಆಸರೆ ಮಾಡಿ ಮೇಲಿನ ಜಾಲರಿಯನ್ನು ಹೊರಿಸಿದೆವು. ಅದರ ಕಾಲುಗಳನ್ನೂ ಹಲಗೆಯ ಮೇಲೆ ಊರಿಸದೆ 40ರ ಬ್ಲಾಕಿನ ಮೇಲೆ ನಿಲ್ಲಿಸಿದೆವು. ಕೆಲಸದವರು ನಡೆಯಲು ಬೇರೆ ಹಲಗೆ ಹಾಸಿದೆವು.

ಕಂಬಗಳ ಹಲಗೆ ಬಿಚ್ಚಿದ ದಿನ ಮೇಸ್ತ್ರಿ ಹನ್ನೆರಡೂ ಕಂಬಗಳ ಸುತ್ತ ಕೈಯಾಡಿಸುತ್ತಾ ಬಂದರು. ಎಲ್ಲೂ ತಂತಿಯ ತುದಿಯಾಗಲಿ ರಿಂಗಿನ ನೆರಳಾಗಲಿ ಕಾಣಲಿಲ್ಲ. ಬ್ಲಾಕು ಕೂತ ಕಡೆ ಬಿಸ್ಕತ್ತಿನಷ್ಟು ಅಗಲದ ಸ್ವಲ್ಪ ಬೇರೆ ಬಣ್ಣದ ಚೌಕ, ಅಷ್ಟೇ. ಮೂರು ಗಂಟೆಯ ಮೆರಿಯೆಂಡಕ್ಕೆ, ಅಂದರೆ ಅವರ ಸಂಜೆಯ ತಿಂಡಿಗೆ, ಬೇಯಿಸಿದ ಬಾಳೆಹಣ್ಣು ಬಂತು. ಅದನ್ನು ತಿನ್ನುತ್ತಾ ಅವರು ಆ ಅಚ್ಚುಗಳನ್ನು ತಮಗೆ ಕೊಡುತ್ತೀರಾ ಎಂದು ಕೇಳಿದರು. ಮುಂದಿನ ತಿಂಗಳು ಮಗಳಿಗೆ ಎರಡು ಕೋಣೆಯ ಮನೆ ಶುರುಮಾಡುವವರಿದ್ದರು. ಅಚ್ಚುಗಳ ಜೊತೆ ಉಳಿದಿದ್ದ ಮೂವತ್ತೆಂಟು ಬ್ಲಾಕುಗಳನ್ನೂ ಅವರ ತ್ರಿಚಕ್ರ ಗಾಡಿಗೆ ತುಂಬಿಸಿ ಕಳಿಸಿದೆವು.

ಕೇಳುಗರೆ, ನಿಮ್ಮಲ್ಲಿ ಯಾರಾದರೂ ಊರಿನಲ್ಲಾಗಲಿ, ದೂರದ ದೇಶದಲ್ಲಾಗಲಿ ಮನೆ ಕಟ್ಟಿಸುತ್ತಿದ್ದರೆ ನನ್ನದೊಂದು ಕೋರಿಕೆ. ಕಾಂಕ್ರೀಟು ಹಾಕುವ ಹಿಂದಿನ ಸಂಜೆ ಅಳತೆಪಟ್ಟಿ ಹಿಡಿದು ಸೈಟಿಗೆ ಹೋಗಿ. ಹಲಗೆಗೂ ಹೊರಗಿನ ರಿಂಗಿಗೂ ನಡುವೆ ಹತ್ತು ಕಡೆ ಅಳೆಯಿರಿ, ಮೂಲೆಗಳನ್ನು ಬಿಡಬೇಡಿ. 50 ಇರಬೇಕಾದ ಕಡೆ 25 ಬಂದರೆ ಮೇಸ್ತ್ರಿಗೆ ಗೌರವದಿಂದಲೇ ಹೇಳಿ, ಮರುದಿನದ ಮಿಕ್ಸರನ್ನು ನಿಲ್ಲಿಸಿ.